ಸೋಯಾಭಾವ ಮೀಮಾಂಸೆ: ನಾಚಾರಂ ಪಾಠ

ಮೊದಲಿಗೆ ವ್ಯಾಕರಣ. ‘ಸೋಯಾಭಾವ’ ಎಂಬುದು ಸೋಯಾ ಮತ್ತು ಅಭಾವ ಸೇರಿ ಆದ ಸವರ್ಣದೀರ್ಘ ಸಂಧಿ. ಇದನ್ನು ‘ಸೋಯಾ ಭಾವ’ ಎಂದು ಬಿಡಿಸಿ, ಮಡಿಕೇರಿಯಲ್ಲಿರುವ ನಮ್ಮ ಭಾವನಿಗೆ ಅಡ್ಡಹೆಸರು ಸಿಕ್ಕಿತೆಂದು ಹಿಗ್ಗಿದವರು ನಮ್ಮ ಮನೆಯಲ್ಲೇ ಇದ್ದಾರೆ. ಅದು ಅಪಪಾಠ. ಪಂಡಿತರು ತಿರಸ್ಕರಿಸಬೇಕು.

ಈ ಸಂಶೋಧನೆಯ ಕ್ಷೇತ್ರ ಹೈದರಾಬಾದಿನ ನಾಚಾರಂ, ಎಚ್‌ಎಂಟಿ ನಗರದ ಕಡೆಯ ಒಂದು ಬಾಡಿಗೆ ಮನೆ. ಕೂಗಳತೆಯಲ್ಲಲ್ಲದಿದ್ದರೂ ಆಟೋ ಅಳತೆಯಲ್ಲಿ, ತಾರ್ನಾಕದಲ್ಲಿ, ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಿದೆ. 1918ರಲ್ಲಿ ಕೂನೂರಿನ ಒಂದೇ ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆಗೆಂದು ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದದ್ದು. ನಮ್ಮದೂ ಒಂದೇ ಕೋಣೆಯಲ್ಲಿ ಶುರುವಾಗಿದೆ. ಅನುದಾನವೊಂದು ಬಂದಿಲ್ಲ.

ಸಮಸ್ಯೆ ಇಷ್ಟು: ಮಗಳಿಗೆ ಸೋಯಾ ಆಗುವುದಿಲ್ಲ, ಒಂದು ತುತ್ತಿಗೆ ಮೈಯೆಲ್ಲ ಪಿತ್ತಗಂಧೆ ಏಳುತ್ತದೆ. ಅಮ್ಮನಿಗೆ ‘ಉಪ್ಪು ಒಂಚೂರು ಕಮ್ಮಿ’ ಎಂಬ ಮಾತು ಆಗುವುದಿಲ್ಲ. ಹೆಂಡತಿಗೆ, ಅಡುಗೆಮನೆಯಲ್ಲಿ ನಾನು ಆಗುವುದಿಲ್ಲ. ವೈದ್ಯರು ಹೆಸರಿಟ್ಟದ್ದು ಮೊದಲನೆಯದಕ್ಕೆ ಮಾತ್ರ. ಇಂಥ ಸೂಕ್ಷ್ಮ ಕುಟುಂಬಕ್ಕೆ ಭಾನುವಾರ ಸಂಜೆ ಮಂಚೂರಿ ಬೇಕು.

ಚರಿತ್ರೆಯೂ ನಮ್ಮ ಕಡೆಗಿಲ್ಲ. ಕರ್ನಾಟಕದಲ್ಲಿ ಮಂಚೂರಿ, ಇಲ್ಲಿ ಮಂಚೂರಿಯಾ ಎನಿಸಿಕೊಳ್ಳುವ ಈ ಖಾದ್ಯ ಹುಟ್ಟಿದ್ದು ಮುಂಬಯಿಯಲ್ಲಿ. 1975ರಲ್ಲಿ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೋಲ್ಕತ್ತ ಮೂಲದ ನೆಲ್ಸನ್ ವಾಂಗ್ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದರೆಂಬುದು ಪ್ರಚಲಿತ ಕಥೆ. ನಿಜವಾದ ಮಂಚೂರಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಎಲ್ಲರೂ ನಗುತ್ತಾರೆ. ಒಂದು ಸಂಬಂಧವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜಗತ್ತಿನ ಸೋಯಾ ವ್ಯಾಪಾರದ ದೊಡ್ಡ ಪಾಲು ಮಂಚೂರಿಯಾದ್ದೇ ಆಗಿತ್ತು. ಅಂದರೆ ಬಾಣಲೆಯಲ್ಲಿ ಮಂಚೂರಿಯಾಕ್ಕೆ ಸಲ್ಲುವುದು ಸೋಯಾ ಒಂದೇ, ಅದನ್ನೇ ನಾವು ತೆಗೆದೆವು. ಕೃತಕ ಬಣ್ಣವನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿತ್ತು. ಉಳಿದದ್ದು ಹೂಕೋಸು.

ಈಗ ಶಾಸ್ತ್ರ. ನ್ಯಾಯ ವೈಶೇಷಿಕರು ಅಭಾವದಲ್ಲಿ ನಾಲ್ಕು ಬಗೆ ಎಣಿಸಿದ್ದಾರೆ. ಅವರ ಉದಾಹರಣೆ ಮಡಕೆಯದು; ನಮ್ಮದು ನಾಚಾರಂ ರಸ್ತೆಯ ಫಾಸ್ಟ್ ಫುಡ್ ಬಂಡಿಯದು. ‘ಅಣ್ಣಾ, ಸೋಯಾ ವದ್ದು’ ಎಂದೆ. ‘ವೇಯನು ಸಾರ್’, ಅಂದರೆ ಹಾಕೋಲ್ಲ, ಎಂದ. ಎಂದವನ ಬಲಗೈ, ಮುಚ್ಚಳಕ್ಕೆ ತೂತು ಹೊಡೆದ ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ಎರಡು ಸಲ ಒದರಿತು. ಬಾಣಲೆ ಚುರ್ ಎಂದಿತು. ಅವನು ಸುಳ್ಳಾಡಲಿಲ್ಲ. ಮಾತು ಆಡಿದ ಗಳಿಗೆಯಲ್ಲಿ ಸೋಯಾ ಬಾಣಲೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ಪ್ರಾಗಭಾವ. ನಾನು ಹೌಹಾರಿದಾಗ ಅಷ್ಟನ್ನೂ ಬಕೆಟ್ಟಿಗೆ ಚೆಲ್ಲಿ, ಒಂದು ಸೌಟು ನೀರು ಹುಯ್ದು, ಪೊರಕೆಯಂಥದ್ದರಿಂದ ಉಜ್ಜಿ, ‘ಪೋಯಿಂದಿ ಸಾರ್’ ಎಂದ. ಪ್ರಧ್ವಂಸಾಭಾವ: ಮಡಕೆ ಒಡೆದಿದೆ, ಚೂರುಗಳು ಅಲ್ಲೇ ಇವೆ. ಮೂರನೆಯದು ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಿಕ್ಕಿತು. ಸೋಯಾ ಉಂಡೆಗೆ ಈ ಊರಲ್ಲಿ ಮೀಲ್ ಮೇಕರ್ ಎನ್ನುತ್ತಾರೆ. ‘ಇದಿ ಸೋಯಾ ಕಾದು ಸಾರ್, ಮೀಲ್ ಮೇಕರ್’ ಎಂದು ಅಂಗಡಿಯವರು ಧೈರ್ಯ ತುಂಬಿದರು. ಇದು ಅದಲ್ಲ ಎಂಬ ಈ ಅನ್ಯೋನ್ಯಾಭಾವವನ್ನು ಇಷ್ಟು ಶುದ್ಧವಾಗಿ ಯಾವ ಗುರುಕುಲವೂ ಕಲಿಸಲಾರದು.

ನಾಲ್ಕನೆಯದು ಅತ್ಯಂತಾಭಾವ, ಗಾಳಿಯಲ್ಲಿ ಬಣ್ಣವಿಲ್ಲ ಎಂಬ ಹಾಗೆ. ಅದಕ್ಕೆ ಮನೆಯೇ ಗತಿ.

ಸೋಯಾ ಸಾಸ್ ಮಾಡುವ ಕೆಲಸ ಮೂರು: ಉಪ್ಪು, ಕಪ್ಪು, ಮತ್ತು 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಗ್ಲುಟಮೇಟಿನಲ್ಲಿ ಗುರುತಿಸಿದ ಐದನೆಯ ರುಚಿ. ಉಪ್ಪಿಗೆ ಉಪ್ಪಿದೆ. ಕಪ್ಪಿಗೆ ಅಮ್ಮ ಹುರುಳಿ ಕಟ್ಟನ್ನು ಬತ್ತಿಸೋಣ ಎಂದಳು. ಹುರುಳಿಯೂ ಸೋಯಾದ ಹಾಗೆ ದ್ವಿದಳ, ಸಗೋತ್ರ. ಗೋತ್ರದ ಮಾತು ಬಂದೊಡನೆ ಅಮ್ಮ ತಾನೇ ಪ್ರಸ್ತಾವ ಹಿಂದೆಗೆದುಕೊಂಡಳು. ಕೊನೆಗೆ ಒದಗಿದ್ದು ಸಾಗರದಿಂದ ಮೂರು ಪ್ಲಾಸ್ಟಿಕ್ ಕವರಿನೊಳಗೆ ಬಂದೂ ನನ್ನ ಬಿಳಿ ಪಂಚೆಗೆ ಸೋರಿದ ಜೋನಿಬೆಲ್ಲ, ಮತ್ತು ಭಾವ ಹಿಂದಿನ ಸಲ ಮಡಿಕೇರಿಯಿಂದ ತಂದುಕೊಟ್ಟಿದ್ದ ಕಾಚಂಪುಳಿ. ಉಪ್ಪಾಗೆ ಹಣ್ಣಿನ ರಸವನ್ನು ಡಾಂಬರಿನಂತಾಗುವ ತನಕ ಕುದಿಸಿದ್ದು ಅದು. ಕೊಡಗಿನವರು ಪಂದಿಕರಿಗೆ ಕಾದಿರಿಸುವ ಆ ಸೀಸೆಯನ್ನು ಹೂಕೋಸಿಗೆ ಬಗ್ಗಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ.

ಒಣ ಅಣಬೆ ನೆನೆಸಿದ ಅರ್ಧ ಲೋಟ ನೀರನ್ನು ಕಾಲು ಲೋಟಕ್ಕೆ ಬತ್ತಿಸಿದೆ. ಐದನೆಯ ರುಚಿ ಅದರಲ್ಲಿದೆ. ಎರಡು ಚಮಚ ಜೋನಿಬೆಲ್ಲ, ಅರ್ಧ ಚಮಚ ಕಾಚಂಪುಳಿ, ಉಪ್ಪು. ದೊಡ್ಡ ಉರಿಯಲ್ಲಿ ಬೆಳ್ಳುಳ್ಳಿ ಅಂಚು ಕಂದುವಾಗ ಸುರಿದು, ಕಾರ್ನ್‌ಫ್ಲೋರ್ ನೀರು ಹಾಕಿ, ಕರಿದ ಹೂಕೋಸು ಹೊರಳಿಸಿದೆ. ಕಪ್ಪು ಬಂತು. ಹೊಳಪೂ ಬಂತು. ಬಂಡಿಯ ಬೀಡಿ ಹೊಗೆಯೊಂದು ಬರಲಿಲ್ಲ.

ಅಮ್ಮ ಬೆರಳಿಗೆ ಹಚ್ಚಿ ನೆಕ್ಕಿ, ‘ಇದು ಗೊಜ್ಜಲ್ವೇನೋ?’ ಎಂದಳು. ವಿದ್ವತ್ ವಲಯದಲ್ಲಿ ಇಂಥ ಟೀಕೆ ಸಹಜ. ಮಗಳು ಎರಡನೇ ಬಟ್ಟಲು ಮುಗಿಸಿದಳು. ರಾತ್ರಿ ಹನ್ನೊಂದರವರೆಗೂ ಗಂಟೆಗೊಮ್ಮೆ ಅವಳ ಮೊಣಕೈ ಮಡಿಕೆಗೆ ಟಾರ್ಚು ಬಿಟ್ಟು ನೋಡಿದೆವು. ಒಂದು ಗುಳ್ಳೆ ಇಲ್ಲ. ಅತ್ಯಂತಾಭಾವ ಸಿದ್ಧವಾಯಿತು.

ಮರುದಿನ ಬೆಳಿಗ್ಗೆ ಮಡಿಕೇರಿಯಿಂದ ಭಾವ ಬಂದ. ಬಾಗಿಲಲ್ಲೇ ಸೊಸೆಯ ಕೈಗೆ ಚಾಕೊಲೇಟಿನ ದೊಡ್ಡ ಡಬ್ಬಿ ಇಟ್ಟ. ಹೆಂಡತಿ ಕನ್ನಡಕ ಏರಿಸಿ ಡಬ್ಬಿಯ ಬೆನ್ನು ತಿರುಗಿಸಿದಳು. ‘ರೀ, 322, ಲೆಸಿಥಿನ್. ಕೆಳಗೆ ದಪ್ಪಕ್ಷರದಲ್ಲಿ ಸೋಯಾ ಅಂತಲೇ ಬರೆದಿದಾರೆ ನೋಡಿ’ ಎಂದು ಅದನ್ನು ಫ್ರಿಜ್ಜಿನ ತಲೆ ಮೇಲೆ ಇಟ್ಟಳು.

‘ಅಪ್ಪಾ, ಸೋಯಾ ಭಾವ!’ ಎಂದಳು ಮಗಳು. ಅವಳಿಗೆ ಅವನು ಸೋದರಮಾವನಾಗಬೇಕು. ಆದರೂ ಈ ಪಾಠಕ್ಕೆ ಆಧಾರ ಸಿಕ್ಕಿದೆಯೆಂದು ಒಪ್ಪಿ, ಮೊದಲ ಪರಿಚ್ಛೇದವನ್ನು ತಿದ್ದಲು ಕೂತಿದ್ದೇನೆ.