ಕಂಪನಿ ಬಾಡಿಯ ಲಾರಿ ಬೇಕೇನ್ರಿ?

ಆನ್‌ಲೈನಿನಲ್ಲಿ ಹಳೇ ಲಾರಿ ಮಾರುವವರಿಗೆ ನಾಲ್ಕೇ ಮಾತು ಸಾಕು: ‘ವಿಂಟೇಜ್ ಟಾಟಾ ಬೆಂಜ್, 1966 ಮಾಡೆಲ್, ಕಂಪನಿ ಬಾಡಿ, ಎಲ್ಲಾ ಒರಿಜಿನಲ್.’ ಜೊತೆಗೊಂದಿಷ್ಟು ಫೋಟೋ. ಗಾಡಿಯ ಮೂತಿ ಎಲ್ಲ ಕಡೆಯಿಂದ; ಮಾಲೀಕರು ಕೂಲಿಂಗ್ ಗ್ಲಾಸ್ ಹಾಕಿ ಬಾನೆಟ್ಟಿಗೆ ಒರಗಿದ್ದು; ನಿಂಬೆಹಣ್ಣಿನ ಸರದ್ದೂ ಒಂದು. ಚಾಸಿಯದ್ದು ಮಾತ್ರ ಇರುವುದಿಲ್ಲ. ಕೇಳಿದರೆ, “ಅಲ್ಲಿ ಕತ್ತಲಿ ಐತ್ರೀ ಸರ.”

ಬ್ಯಾಡಗಿ ಪೇಟೆಯ ಸಾಹುಕಾರರೂ ಇದಕ್ಕೆ ಮರುಳಾಗುತ್ತಾರಲ್ಲ, ಅದೇ ಸೋಜಿಗ. 2011ರಲ್ಲಿ ಜಿಐ ಮಾನ್ಯತೆ ಗಿಟ್ಟಿಸಿಕೊಂಡ ಮೆಣಸಿನಕಾಯಿಯ ಊರಿದು. ಡಬ್ಬಿಯೋ ಕಡ್ಡಿಯೋ, ಆಂಧ್ರದ್ದು ಬೆರೆತಿದೆಯೋ ಎಂದು ಚೀಲದಡಿಯವರೆಗೂ ಕೈಯಿಳಿಸಿ, ಮುರಿದು, ಮೂಸಿ ನೋಡಿಯೇ ರೇಟು ಬರೆಯುವ ಮಂದಿ, ಲಕ್ಷಗಟ್ಟಲೆ ಬೆಲೆಯ ಲಾರಿಗೆ ಕೂತಲ್ಲಿಂದಲೇ ಅಡ್ವಾನ್ಸ್ ಹಾಕುತ್ತಾರೆ!

ಮೊದಲು ಆ ಕಂಪನಿ ಬಾಡಿಯ ಸಂಗತಿ. ಆಗೆಲ್ಲ ಕಂಪನಿಯವರು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಚಾಸಿ, ಇಂಜಿನ್ನು, ಮುಂದಿನ ಮೂತಿ, ಇಷ್ಟೇ. ಡ್ರೈವರಣ್ಣ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಬಯಲಿನಲ್ಲಿ ಕೂತಂತೆಯೇ ಅದನ್ನು ಓಡಿಸಿಕೊಂಡು ಬರಬೇಕು. ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಬಡಗಿ, ಕಮ್ಮಾರರ ಕೆಲಸ. ಹಣೆಯ ಮೇಲಿನ ‘ಶ್ರೀ ಮಾಲತೇಶ ಪ್ರಸನ್ನ’ ಪೇಂಟರನದು. ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯವರು ನಮ್ಮ ದೇವರಗುಡ್ಡದ ದೇವರ ಹೆಸರು ಬರೆಸಿ ಕಳಿಸುತ್ತಿದ್ದರೇನು?

ಇನ್ನು ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿದ್ದು 1954ರಲ್ಲಿ, ಕರಾರು ಮುಗಿದದ್ದು 1969ರಲ್ಲಿ. ಆಮೇಲೆ ನಕ್ಷತ್ರ ಹೋಗಿ ‘ಟಿ’ ಅಕ್ಷರ ಬಂತು. ಹಾಗಿದ್ದೂ 1978ರ ಗಾಡಿಗೆ ನಕ್ಷತ್ರ ಹೊಳೆಯುತ್ತಿದ್ದರೆ ಅದು ಜರ್ಮನಿಯದಲ್ಲ, ಗುಜರಿಯದು.

ರಾಣೇಬೆನ್ನೂರಿನ ಗೆಳೆಯರೊಬ್ಬರು ಮೊಬೈಲು ಹಿಡಿದು ಬಂದರು. “1966ರ ಗಾಡಿರೀ, ಹುಟ್ಟಿದಾಗಿಂದ ಒಂದ ನಂಬರ, ಕೆಎ 27!” ಅಲ್ರೀ, ಆಗ ರಾಜ್ಯದ ಹೆಸರೇ ಮೈಸೂರು, ನಂಬರು ಶುರುವಾಗುತ್ತಿದ್ದದ್ದು ‘ಎಂವೈ’ಯಿಂದ. ‘ಕೆಎ’ ಬಂದದ್ದು 1989ರಲ್ಲಿ. 27 ಹಾವೇರಿಯ ನಂಬರು; ಧಾರವಾಡದಿಂದ ಒಡೆದು ಹಾವೇರಿ ಜಿಲ್ಲೆಯಾದದ್ದೇ 1997ರಲ್ಲಿ. ಜಿಲ್ಲೆಗಿಂತ 31 ವರ್ಷ ಮೊದಲೇ ಜಿಲ್ಲೆಯ ನಂಬರು ಹೊತ್ತು ಹುಟ್ಟಿದ ಲಾರಿಗೆ ಆರತಿ ಎತ್ತಬೇಕು, ಅಡ್ವಾನ್ಸ್ ಕೊಡಬಾರದು.

ಹಾಗಾದರೆ ನಂಬುವುದೇನನ್ನು? ಹಳೇ ಮೇಸ್ತ್ರಿಗಳ ದಾರಿ ಸುಲಭದ್ದು. ಚಾಸಿಯ ಮೇಲೆ ನಂಬರು ಒತ್ತಿದ ಜಾಗ ಹುಡುಕಿ, ಗ್ರೀಸು-ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಒತ್ತಿಹಿಡಿದು ಮೇಲೆ ಪೆನ್ಸಿಲ್ ಆಡಿಸಬೇಕು. ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಒಂದು ಆಳ, ಪಕ್ಕದ್ದು ಡೊಂಕು, ಸುತ್ತ ಗ್ರೈಂಡರಿನ ಗೀರು ಕಂಡವೋ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಎದ್ದುಬಿಡಿ. ರಿವೆಟ್ಟು ಇರಬೇಕಾದಲ್ಲಿ ವೆಲ್ಡಿಂಗ್ ಕಂಡರೆ ಚಾಸಿಗೆ ಆಪರೇಷನ್ ಆಗಿದೆಯೆಂದೇ ಲೆಕ್ಕ. ಇಂಜಿನ್ನು ಬದಲಾಗಿದ್ದರೆ ಮಾತ್ರ ಹೌಹಾರಬೇಡಿ. ಪೆಟ್ರೋಲ್ ಕುಡಿಯುವ ಫಾರ್ಗೋ, ಡಾಡ್ಜ್‌ಗಳಿಗೆ ಪರ್ಕಿನ್ಸ್ ಡೀಸೆಲ್ ಇಂಜಿನ್ನು ಕೂರಿಸುವುದು ಆ ಕಾಲದ ಜಾಣತನ. ಆರ್‌ಸಿ ಪುಸ್ತಕದಲ್ಲಿ ಬರೆಸಿದ್ದರೆ ಅದು ಮೋಸವಲ್ಲ.

ಸರ್ಕಾರದಿಂದಲೇ ವಿಂಟೇಜ್ ಮುದ್ರೆ ಹಾಕಿಸಿಕೊಡುತ್ತೇನೆ ಅನ್ನುವವರೂ ಇದ್ದಾರೆ. 2021ರಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ನಂಬರು ಕೊಡುವ ನಿಯಮ ಬಂದದ್ದು ಖರೆ. ಆದರೆ ಅದು ಸ್ವಂತ ಬಳಕೆಯ ಬೈಕು, ಕಾರುಗಳಿಗೆ. ಆ ಪಂಕ್ತಿಯಲ್ಲಿ ಲಾರಿಗೆ ಎಲೆ ಹಾಕಿಲ್ಲ.

ಆದ್ದರಿಂದ ಚಾಸಿ ಹೇಳುವುದೂ ಆರ್‌ಸಿ ಹೇಳುವುದೂ ಒಂದೇ ಆಗಿದ್ದರೆ ವ್ಯಾಪಾರಕ್ಕೆ ಕೂಡಿ. ಉಳಿದದ್ದು ನಮ್ಮ ಬಡಗಿ, ಕಮ್ಮಾರ, ಪೇಂಟರುಗಳ ಕೈಕೆಲಸ. ಅದಕ್ಕೆ ಧಾರಾಳವಾಗಿ ಬೆಲೆ ಕಟ್ಟಿ, ಬೇಕಾದರೆ ಎರಡು ಸಾವಿರ ಹೆಚ್ಚೇ ಕೊಡಿ. ದುಡಿದವರು ಇಲ್ಲಿಯವರು, ಹೆಸರು ಜಮ್‌ಶೆಡ್‌ಪುರಕ್ಕೆ ಅಂದ್ರ ಹೆಂಗ್ರೀ?