ದ್ರಾಕ್ಷಾವನದಲ್ಲಿ ಮಾವನವರು

ದೇವನಹಳ್ಳಿಯ ಸೀಮೆಯ ನೀಲಿದ್ರಾಕ್ಷಿಯ ತೋಟಗಳನ್ನು ಮೂವತ್ತು-ನಲವತ್ತರ ನಿವೇಶನಗಳನ್ನಾಗಿ ಪರಿವರ್ತಿಸುವ ಪುಣ್ಯಕಾರ್ಯದಲ್ಲಿಯೇ (ಇದು ಅವರದೇ ಮಾತು) ತಲೆ ನರೆಸಿಕೊಂಡ ನನ್ನ ಸೋದರಮಾವನವರು, ಅಡಿಲೇಡಿನ ದಕ್ಷಿಣಕ್ಕಿರುವ ಮೆಕ್‌ಲಾರೆನ್ ವೇಲ್‌ನಲ್ಲಿ ಒಂದು ಬಳ್ಳಿಸಾಲಿನ ಗೂಟದಿಂದ ಮುಂದಿನ ಸಾಲಿನ ಗೂಟದವರೆಗೆ ಹೆಜ್ಜೆಯಿಟ್ಟು ಅಳೆದು, ದೀರ್ಘವಾಗಿ ನಿಟ್ಟುಸಿರುಗರೆದರು.

“ಇಷ್ಟು ಪ್ರಶಸ್ತವಾದ ಭೂಮಿ, ಮೇಲಾಗಿ ಡಾಂಬರು ರಸ್ತೆ! ಇಲ್ಲಿ ಲೇಔಟು ಏಳದಿರುವುದಕ್ಕೆ ಯಾವ ಗ್ರಹಚಾರವಪ್ಪಾ?”

“ಗ್ರಹಚಾರವಲ್ಲ ಮಾವ, ಶಾಸನ. 2012ರಲ್ಲಿ ಈ ಸೀಮೆಗೊಂದು, ಬರೋಸಾ ಕಣಿವೆಗೊಂದು ಕಾಯಿದೆ ಮಾಡಿ, ಊರಿನೆಲ್ಲೆಯಾಚೆಯ ಹೊಲವನ್ನೊಡೆದು ವಾಸಕ್ಕೆ ಹೊಸ ನಿವೇಶನ ಮಾಡತಕ್ಕದ್ದಲ್ಲವೆಂದು ವಿಧಿಸಿದ್ದಾರೆ.”

“ಕಾಯಿದೆ ಎಲ್ಲಿಲ್ಲ? ಡಿಸಿ ಕನ್ವರ್ಷನ್ನು?”

“ಇಲ್ಲ.”

“ಅಕ್ರಮ-ಸಕ್ರಮ?”

“ಅದೂ ಇಲ್ಲ.”

“ಅನಾಗರಿಕ ದೇಶ!”

“ಬ್ರಿಸ್ಬೇನಿನಲ್ಲಂತೂ ಕಾಡುಭೂಮಿಯನ್ನು ಕೊಂಡು ಕಾಪಾಡುವುದಕ್ಕೆಂದೇ ನಗರಸಭೆಯು ಮನೆಯೊಡೆಯರಿಂದ ಪ್ರತ್ಯೇಕ ಕರವೆತ್ತುತ್ತದೆ.”

“ಕಾಡಿಗೆ ದುಡ್ಡು ಕೊಡುವುದೆ? ರಾತ್ರೋರಾತ್ರಿ ಬೇಲಿ ಸರಿಸುವ ಕಲೆಯನ್ನು ಇವರಿಗೆ ಯಾರೂ ಕಲಿಸಲಿಲ್ಲವೆ?”

“ಇಲ್ಲಿಯೂ ಎಲ್ಲರೂ ಋಷಿಗಳಲ್ಲ ಮಾವ. ಪರ್ತ್ ನಗರವು ಕಡಲಂಚಿನುದ್ದಕ್ಕೂ ಬೆಳೆಬೆಳೆಯುತ್ತ ಬ್ಯಾಂಕ್ಸಿಯಾ ಕಾಡನ್ನು ನುಂಗಿದ ಪರಿಣಾಮವಾಗಿ, 2016ರಲ್ಲಿ ಆ ಕಾಡನ್ನೇ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಅದರ ಬೀಜವನ್ನು ನೆಚ್ಚಿದ ಕಾರ್ನಬಿ ಕಪ್ಪು ಕಾಕಟೂಗಳಿಗೂ ಈಗ ಉಳಿವೇ ದುಸ್ತರ.”

ಮಾವನವರ ಮುಖಾರವಿಂದವು ಪ್ರಫುಲ್ಲವಾಯಿತು.

“ಹಾಗಾದರೆ ಮೊದಲು ಪರ್ತಿಗೆ ಟಿಕೆಟ್ಟು ಮಾಡಿಸು. ಬಡಾವಣೆಗೆ ಹೆಸರೂ ದೊರೆಯಿತು: ‘ಕಾಕಟೂ ಎನ್‌ಕ್ಲೇವ್’. ಹಕ್ಕಿ ಹೇಗೂ ಇರುವುದಿಲ್ಲ; ಹೆಬ್ಬಾಗಿಲ ಮೇಲೆ ಸಿಮೆಂಟಿನದೊಂದನ್ನು ಕೂರಿಸಿದರಾಯಿತು.”