ಹಳೇ ಮಳೆ ಅಳೆಯುವ ಸಾಧನ: ಬಳಕೆದಾರರ ಕೈಪಿಡಿ (ನಾಗಸಂದ್ರ ಆವೃತ್ತಿ)

ಸಾವಿರಾರು ವರ್ಷ ಹಿಂದಿನ ಕಾಡನ್ನೂ ಮಳೆಯನ್ನೂ ಕಾಣಿಸುವ ಈ ಸಾಧನವನ್ನು ಆಯ್ದುಕೊಂಡದ್ದಕ್ಕೆ ಅಭಿನಂದನೆಗಳು. ಮೆಟ್ರೊ ಪಕ್ಕದ ಐಕಿಯಾದಲ್ಲಿ ಕೊಂಡ ಕಪಾಟಿನಂತೆ ಇದನ್ನೂ ನೀವೇ ಜೋಡಿಸಿಕೊಳ್ಳಬೇಕು.

ಪೆಟ್ಟಿಗೆಯಲ್ಲಿರುವುದು: ಕೆಸರು. ಅದರೊಳಗೆ ಪರಾಗದ ಕಣಗಳು, ಸಾಮಾನ್ಯವಾಗಿ 10ರಿಂದ 100 ಮೈಕ್ರಾನ್. ಪೀಣ್ಯದ ಲೇತ್ ಮುಂದೆ ನಿಂತವರಿಗೆ ಮೈಕ್ರಾನ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಕಣದ ಹೊರಕವಚ ಸ್ಪೋರೊಪೊಲೆನಿನ್ ಎಂಬ ಗಟ್ಟಿ ವಸ್ತುವಿನದು. ಗಾಳಿಯಾಡದ ಒದ್ದೆ ಕೆಸರಿನಲ್ಲಿ ಯುಗ ಕಳೆದರೂ ಕೊಳೆಯದು. ಯಾವ ಗಿಡದ ಪರಾಗ ಎಷ್ಟಿದೆ ಎಂಬುದರಿಂದ ಅಂದಿನ ಕಾಡನ್ನೂ, ಕಾಡಿನಿಂದ ಮಳೆಯನ್ನೂ ಊಹಿಸಬಹುದು.

ಅಳವಡಿಸುವ ಜಾಗ: ದೊಡ್ಡಬಿದರಕಲ್ಲು ಕೆರೆ ಹತ್ತಿರವಿದೆಯೆಂದು ಕೆಸರು ತೆಗೆಯಲು ಅಲ್ಲೇ ಕೊಳವೆ ಇಳಿಸಲು ಹೊರಡಬೇಡಿ. ನಮ್ಮ ಕಡೆಯ ಕೆರೆಗಳು ಮನುಷ್ಯರು ಕಟ್ಟಿದವು. ಹಿಮಯುಗದ ಹೊತ್ತಿಗೆ ಏರಿಯೇ ಇರಲಿಲ್ಲ. ಇದ್ದ ಕಾಲದ ದಾಖಲೆಯೂ ಉಳಿಯುವುದು ಕಷ್ಟ. ಹಿಂದೆ ರೈತರು ಬೇಸಗೆಯಲ್ಲಿ ಗೋಡು ತೆಗೆದು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು; ಈಗ ಜೆಸಿಬಿ ಬಂದು ತಲೆಮಾರುಗಳನ್ನೇ ಟಿಪ್ಪರಿಗೆ ತುಂಬುತ್ತದೆ. ಹೂಳೆತ್ತುವುದು ತಪ್ಪೆಂದರೆ ಊರವರು ನನ್ನನ್ನೇ ಎತ್ತಿ ಹಾಕಿಯಾರು. ಎತ್ತುವ ಮುನ್ನ ಒಂದು ಕೊಳವೆ ಮಣ್ಣು ತೆಗೆದಿಡಿ, ಬೇಡಿಕೆ ಅಷ್ಟೇ. ಬೋರ್‌ವೆಲ್ ಲಾರಿಯನ್ನಂತೂ ಕರೆಸಬೇಡಿ, ಪದರಗಳೆಲ್ಲ ಪುಡಿಯಾಗಿ ಕಲೆತುಹೋಗುತ್ತವೆ.

ಒಳ್ಳೆಯ ಕೆಸರು ಬೇಕೆಂದರೆ ಕಾರವಾರಕ್ಕೆ ಹೋಗಿ, ಅಲ್ಲಿಂದ ಕಡಲಿಗಿಳಿಯಿರಿ. ಘಟ್ಟದ ಪರಾಗವನ್ನು ಹೊಳೆಗಳು ಕಡಲಿಗೇ ಒಯ್ದು ಹಾಕಿವೆ. ಅಲ್ಲಿನ ತಳದ ಮಣ್ಣನ್ನು ಪರೀಕ್ಷಿಸಿದ ಕಾರಾತಿನಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ತೀರ್ಮಾನ: ಸುಮಾರು 3,500 ವರ್ಷಗಳಿಂದೀಚೆಗೆ ಹವೆಯ ತೇವ ಕಡಿಮೆಯಾಗಿದೆ. ತೇವದ ಕಾಡು, ಕಾಂಡ್ಲಾವನಗಳ ಪರಾಗ ಇಳಿದದ್ದು ಅದಕ್ಕೆ ಸಾಕ್ಷಿ. ಕೊಡೆ ಮಡಚದ ಉತ್ತರ ಕನ್ನಡ ಅದಕ್ಕೂ ಮುಂಚೆ ಎಷ್ಟು ನೆನೆದಿತ್ತೋ!

ಸ್ವಚ್ಛತೆ: ಪರಾಗವನ್ನು ಕೆಸರಿನಿಂದ ಬಿಡಿಸಬೇಕು. ಹೈಡ್ರೊಕ್ಲೋರಿಕ್ ಆಮ್ಲ ಸುಣ್ಣದಂಶವನ್ನು ತಿನ್ನುತ್ತದೆ. ಹೈಡ್ರೊಫ್ಲೋರಿಕ್ ಮರಳನ್ನೂ ಗಾಜನ್ನೂ ತಿನ್ನುತ್ತದೆ, ಆದ್ದರಿಂದ ಪ್ಲಾಸ್ಟಿಕ್ ನಳಿಕೆ. ನಿಮ್ಮನ್ನೂ ತಿನ್ನಬಲ್ಲದು, ಆದ್ದರಿಂದ ಈ ಕೆಲಸ ಪ್ರಯೋಗಾಲಯದವರಿಗೇ ಬಿಡಿ. ಇಷ್ಟೆಲ್ಲ ಆದಮೇಲೂ ಪರಾಗದ ಕವಚ ಜಗ್ಗದೆ ಕೂತಿರುತ್ತದೆ.

ಓದುವುದು: ಪದರವೊಂದಕ್ಕೆ 300 ಕಣಗಳನ್ನಾದರೂ ಎಣಿಸಿ, ಯಾವ ಗಿಡದ್ದು ಶೇಕಡಾ ಎಷ್ಟು ಎಂದು ನಕ್ಷೆ ಬರೆಯಿರಿ. 1916ರಲ್ಲಿ ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಹಾಕಿಕೊಟ್ಟ ದಾರಿ ಇದು. ಎಣಿಕೆಯನ್ನು ಇದ್ದ ಹಾಗೇ ನಂಬಬೇಡಿ. ಗಾಳಿಗೆ ತೂರುವ ಹುಲ್ಲು ಧಾರಾಳಿ. ಕೀಟಗಳನ್ನು ನಂಬಿದ ಮಾವಿನದು ಬಿಗಿಗೈ. ಹುಲ್ಲು ಎಂದು ಗೊತ್ತಾದರೂ ಯಾವ ಹುಲ್ಲು ಎಂಬುದು ಬಹುತೇಕ ತಿಳಿಯದು. ಮರ ಹೋಗಿ ಹುಲ್ಲು ಬಂದಿದ್ದರೆ, ಮಳೆ ಕೈಕೊಟ್ಟಿತೋ ಕೊಡಲಿ ಬಂತೋ? ಪರಾಗ ಒಂದನ್ನೇ ಕೇಳಿದರೆ ಉತ್ತರ ಸಿಗದು. ಅದೇ ಪದರದ ಇದ್ದಿಲ ಚೂರುಗಳನ್ನೂ ಎಣಿಸಿ; ಕಾಡಿಗೆ ಬೆಂಕಿ ಬಿದ್ದಿದ್ದರೆ ಸುಳಿವು ಅಲ್ಲಿ ಸಿಗಬಹುದು.

ದೋಷ ನಿವಾರಣೆ: 3,500 ವರ್ಷದ ಪದರದಲ್ಲಿ ಕಾಂಗ್ರೆಸ್ ಗಿಡದ ಪರಾಗ ಕಂಡರೆ ಇತಿಹಾಸ ತಿದ್ದಲು ಓಡಬೇಡಿ. ಅದು ನಮ್ಮ ದೇಶದಲ್ಲಿ ಹರಡತೊಡಗಿದ್ದೇ 1950ರ ದಶಕದಲ್ಲಿ. ಪಕ್ಕದ ಖಾಲಿ ಸೈಟಿನಲ್ಲಿ ಹೂಬಿಟ್ಟಿರಬೇಕು. ಕಿಟಕಿ ಹಾಕಿ, ಬೇರೆ ಸ್ಲೈಡ್ ಮಾಡಿ.